ಬನ್ನಿ ಹರಳು

ಶಾಲ್ಮಲಾ ಎಡಗೈಯನ್ನು ಕಿವಿಯ ಹಿಂದೆ ಗಟ್ಟಿಯಾಗಿ ಒತ್ತಿ ಹಿಡಿದು, ಬಲಗೈಯಿಂದ ರೊಟ್ಟಿ ಮುರಿಯುತ್ತಿದ್ದಳು. ಮಗಳಿಗೆ ತಲೆನೋವೇನೋ ಎಂದುಕೊಂಡ ತಂದೆ ಶಿವಯೋಗಿ ಹಂಚಿನಮನಿ. ಏಳು ತಿಂಗಳ ಬಸುರಿ, ಹೆರಿಗೆಗೆಂದು ಮುಧೋಳದಿಂದ ತವರಿಗೆ ಬಂದವಳು, ಬಿಸಿಲಿನಲ್ಲಿ ಬಸ್ಸಿನ ಪ್ರಯಾಣ ಬೇರೆ.

"ತಲಿ ನೋಯಾಕತ್ತೈತೇನವ್ವಾ?"

"ಇಲ್ಲಪ್ಪಾ. ಹಿಂಗ ಒತ್ತಿದ್ರ ಛಲೋ ಕೇಳಸ್ತೈತಿ. ಬಿಟ್ರ ಏನೂ ಇಲ್ಲ. ನೋಡು ಬೇಕಾದ್ರ," ಎಂದು ಆಕೆ ಕೈ ತೆಗೆದಳು. "ಅವ್ವಾ, ಏನರೆ ಅನ್ನು."

ಅಡುಗೆಮನೆಯಿಂದ ಚಂಪಾ ಏನೋ ಕೂಗಿದಳು. ಶಾಲ್ಮಲಾ ಇಲ್ಲವೆಂದು ತಲೆಯಾಡಿಸಿ, ಮತ್ತೆ ಕೈ ಒತ್ತಿದಳು.

"ಪಲ್ಯಾ ಹಾಕ್ಲೇನು ಅಂದೆ! ಎಷ್ಟ್ ಸಲ ಒದರಬೇಕು?"

"ಹಾಕು ಹಾಕು. ಈಗ ಕೇಳ್ತು," ಎಂದು ಮಗಳು ನಕ್ಕಳು. ತಾಯಿಯೂ ನಕ್ಕಳು. ಇಬ್ಬರಿಗೂ ಅದೊಂದು ಆಟವಾಗಿತ್ತು. ಶಿವಯೋಗಿ ಮಾತ್ರ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಮರಳಿಸಿದ. ಕೈ ಒತ್ತಿದರೆ ಏಕೆ ಕೇಳಿಸುತ್ತದೆ ಎಂಬುದು ಆ ಊಟದ ಮನೆಯಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೇ.

ಕಿವಿಹರಳೆಂದರೆ ಏನೆಂದು ಧಾರವಾಡದವರಿಗೆ ಹೇಳಿಕೊಡಬೇಕಿಲ್ಲ. ಆ ಊರಿನ ಹೊರಗಿನ ಕೈಗಾರಿಕಾ ವಸಾಹತಿನಲ್ಲೇ ಅದು ತಯಾರಾಗುತ್ತಿತ್ತು. ಉಳಿದವರಿಗಾಗಿ ಎರಡು ಮಾತು. ಕಿವಿಯ ಹಿಂದೆ, ಚರ್ಮದ ಮೇಲೆ, ಕೋಟಿನ ಗುಂಡಿಯಷ್ಟು ದೊಡ್ಡದೊಂದು ಯಂತ್ರ ಕೂರುತ್ತದೆ. ಅದು ಸುತ್ತಲಿನ ಸದ್ದನ್ನು ಹಿಡಿದು ಒಳಕ್ಕೆ ಕಳಿಸುತ್ತದೆ. ಚರ್ಮದ ಕೆಳಗೆ, ತಲೆಬುರುಡೆಗೆ ಅಂಟಿಕೊಂಡಿರುವ ತೊಗರಿಬೇಳೆಯಷ್ಟು ಪುಟ್ಟ ಗ್ರಾಹಕ ಅದನ್ನು ಹಿಡಿದು, ಕೂದಲಿಗಿಂತ ಸಣ್ಣ ತಂತಿಯ ಮೂಲಕ ಕಿವಿಯ ನರಕ್ಕೆ ಮುಟ್ಟಿಸುತ್ತದೆ. ಒಳಗಿನ ಗ್ರಾಹಕಕ್ಕೆ ಬ್ಯಾಟರಿ ಇಲ್ಲ. ಅದು ಒಂದೇ ಸ್ಟೇಷನ್‌ಗೆ ಕೂಡಿಸಿಟ್ಟ ರೇಡಿಯೋ. ಆ ಸ್ಟೇಷನ್ ಅಲುಗಾಡದಂತೆ ಹಿಡಿದಿಡುವುದು ಅದರೊಳಗಿನ ಹರಳಿನ ಪೊರೆ.

ಈ ಪೊರೆ ಸ್ಟ್ರಾನ್ಷಿಯಂ, ಟೈಟಾನಿಯಂಗಳ ಆಕ್ಸೈಡು. ವಿದ್ಯುತ್ತನ್ನು ಹರಿಯಗೊಡದೆ ತಡೆದು ಹಿಡಿದಿಟ್ಟುಕೊಳ್ಳುವುದು ಅದರ ಗುಣ, ಅದಕ್ಕೆ ಡೈಎಲೆಕ್ಟ್ರಿಕ್ ಗುಣವೆನ್ನುತ್ತಾರೆ. ಹಾಗೇ ಬಿಟ್ಟರೆ ಈ ಗುಣ ಕಿವಿಹರಳಿಗೆ ಸಾಲದು. ಆದರೆ ಪೊರೆಯ ಅಣುಗಳನ್ನು ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಎಳೆದು ಹಿಗ್ಗಿಸಿ ಹಿಡಿದರೂ ಸಾಕು, ಅದು ಹಲವು ಪಟ್ಟು ಏರುತ್ತದೆ. ಹಿಗ್ಗಿಸುವ ಉಪಾಯವೂ ಸರಳ. ಅಣುಗಳ ನಡುವಿನ ಅಂತರ ತುಸು ದೊಡ್ಡದಿರುವ ಬೇರೊಂದು ಹರಳಿನ ಮೇಲೆ ಈ ಪೊರೆಯನ್ನು ಕೂರಿಸಿ, ಕುಲುಮೆಯ ಬಿಸಿಯಲ್ಲಿ ಒತ್ತುಯಂತ್ರದಿಂದ ಅದುಮಿ ಹಿಡಿದು, ನಿಧಾನವಾಗಿ ಆರಿಸಬೇಕು. ದೊಡ್ಡ ಗಾದಿಗೆ ಚಿಕ್ಕ ಚಾದರ ಎಳೆದು, ನಾಲ್ಕೂ ಮೂಲೆ ಸಿಕ್ಕಿಸಿದ ಹಾಗೆ. ಚಾದರ ಬಿಗಿಯಾಗಿ ಕೂತಿರುವ ತನಕ ಎಲ್ಲ ಸರಿ. ಒಂದು ಮೂಲೆ ಕಿತ್ತು ಬಂದರೆ ಉಳಿದದ್ದೂ ಹಿಂದೆಯೇ ಸುಕ್ಕುಗಟ್ಟುತ್ತದೆ.

ಮೂಲೆ ಕಿತ್ತದ್ದು ಎಷ್ಟೋ ವರ್ಷದ ಹಿಂದೆ, ಮಹಾನವಮಿಯ ದಿನ.

ಆ ಸೀಮೆಯಲ್ಲಿ ಅಂದು ಖಂಡೆಪೂಜೆ, ಅಂದರೆ ಆಯುಧಪೂಜೆ; ಯಾವ ಆಯುಧವನ್ನೂ ದುಡಿಸುವುದಿಲ್ಲ. ಕುಡಗೋಲು, ಕತ್ತರಿ, ಲಾರಿ, ಕಂಪ್ಯೂಟರ್ ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು, ರಜೆ. ಹರಳಿನ ಘಟಕದಲ್ಲೂ ಪೂಜೆಯಿತ್ತು. ಕುಲುಮೆ ಆರಿಸಿದರೆ ಪೊರೆ ಹಾಳಾಗುತ್ತದೆಂದು ಎಲ್ಲರಿಗೂ ಗೊತ್ತು, ಆದ್ದರಿಂದ ಅದನ್ನು ಆರಿಸುತ್ತಿರಲಿಲ್ಲ. ಆದರೆ ಭಾರ ಹೊತ್ತು ನಿಂತ ಯಂತ್ರಕ್ಕೆ ಆರತಿ ಎತ್ತುವುದು ಯಾರ ಮನಸ್ಸಿಗೂ ಒಗ್ಗುತ್ತಿರಲಿಲ್ಲ. ನೊಗ ಹೊತ್ತ ಎತ್ತಿಗೆ ಯಾರಾದರೂ ಪೂಜೆ ಮಾಡುತ್ತಾರೆಯೇ? ಮಂಗಳಾರತಿ ಮುಗಿಯುವಷ್ಟು ಹೊತ್ತು ಒತ್ತುಯಂತ್ರದ ಭಾರ ಇಳಿಸಿ, ಕಾಯಿ ಒಡೆದು, ಮತ್ತೆ ಏರಿಸುತ್ತಿದ್ದರು. ಭಾರ ತೋರಿಸುವ ಮುಳ್ಳು ಮೊದಲಿನ ಗುರುತಿಗೇ ಬಂದು ನಿಲ್ಲುತ್ತಿತ್ತು. ಮರುದಿನ, ಬನ್ನಿ ಮುಡಿಯುವ ದಿನ ಹೊರಬಂದ ಹರಳುಗಳು ಎಲ್ಲ ಪರೀಕ್ಷೆಯಲ್ಲೂ ಪಾಸಾಗುತ್ತಿದ್ದವು. ದಸರೆಯಲ್ಲಿ ಬನ್ನಿ ಎಲೆಯನ್ನೇ ಬಂಗಾರವೆಂದು ಹಂಚುವ ಜನ ಅವರು. ಆ ಹರಳಿಗೂ ಬನ್ನಿ ಹರಳು ಎಂಬ ಹೆಸರು ಬಿತ್ತು, ಅದಕ್ಕಾಗಿ ನೂಕುನುಗ್ಗಲಾಯಿತು. ಮಂತ್ರಿಗಳ ಚೀಟಿ ತಂದವರಿದ್ದರು, ಮಠದಿಂದ ಹೇಳಿಸಿದವರಿದ್ದರು.

ಶಿವಯೋಗಿ ಆಗ ಘಟಕದಲ್ಲಿ ಹೊಸ ವಿಜ್ಞಾನಿ. ಮೂರು ವರ್ಷದ ಮಗಳಿಗೆ ಮೆದುಳುಜ್ವರ ಬಂದು ಬಲಗಿವಿಯ ಒಳಗೆಲ್ಲ ಎಲುಬು ಬೆಳೆದು ಕಲ್ಲಾಗಿ ಹೋಗಿತ್ತು. ಎಡಗಿವಿಗೂ ಹಾಗಾಗುವ ಮೊದಲು ತಂತಿ ಇಳಿಸಬೇಕಿತ್ತು, ಅದೂ ಒಂದೇ ಸಲ, ಮತ್ತೆ ತೆಗೆದು ಹಾಕುವ ಮಾತಿಲ್ಲ. ಮಗಳಿಗೆ ಬನ್ನಿ ಹರಳೇ ಸಿಗಲೆಂದು ಅವನು ಮೇಲಿನವರ ಮನೆಗೆ ಎಡತಾಕಿ, ಕಾಡಿ ಬೇಡಿ ಪಡೆದುಕೊಂಡಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಎನ್ನುತ್ತಾರೆ. ಅವನ ಗ್ರಹಚಾರ, ಅಂದು ಇಬ್ಬರೂ ಕೊಟ್ಟರು.

ಮಗಳು ಕೈ ಒತ್ತಿ ತೋರಿಸಿದ ದಿನ ಶಿವಯೋಗಿ ಊಟ ಬಿಟ್ಟು ಎದ್ದು ಪ್ರಯೋಗಾಲಯಕ್ಕೆ ಹೋದಾಗ ಮೊಗಸಾಲೆಯಲ್ಲಿ ಆಗಲೇ ಜನ ಸೇರಿದ್ದರು. ಬೆಂಚಿನ ತುಂಬ ಕೂತವರೆಲ್ಲ ಕಿವಿಯ ಹಿಂದೆ ಕೈಯಿಟ್ಟುಕೊಂಡಿದ್ದರು. ಒಬ್ಬ ಮುದುಕ ರುಮಾಲನ್ನು ಕಿವಿಯ ಮೇಲೆ ಬಿಗಿದು ಸುತ್ತಿದ್ದ. ಕಾಲೇಜಿನ ಹುಡುಗಿಯೊಬ್ಬಳು ಕೂದಲಿನ ಕ್ಲಿಪ್ಪಿನ ಕೆಳಗೆ ಎರಡು ರೂಪಾಯಿ ನಾಣ್ಯ ಸಿಕ್ಕಿಸಿದ್ದಳು. "ಭಾಳ ಛಲೋ ಕೇಳಸ್ತೈತ್ರಿ ಸರ್, ಹಿಂಗ ಮಾಡಿದ್ರ," ಎಂದು ಅವಳೇ ಖುಷಿಯಿಂದ ತೋರಿಸಿದಳು. ಶಿವಯೋಗಿಗೆ ಅವಳ ಮುಖ ನೋಡಲಾಗಲಿಲ್ಲ.

ಒಳಗೆ ರೆಹಾನಾ ನದಾಫ್ ಕಾಯುತ್ತಿದ್ದಳು. ಹರಳುಗಳ ಅಳತೆಯ ಕೆಲಸ ಅವಳದು. ಬೇರೆ ಕಾಯಿಲೆಯಿಂದ ತೀರಿಕೊಂಡ ನಿವೃತ್ತ ಮಾಸ್ತರರೊಬ್ಬರ ಮನೆಯವರು ಹಿಂತಿರುಗಿಸಿದ್ದ ಬನ್ನಿ ಹರಳು ಅವಳ ಮುಂದಿನ ಸಣ್ಣ ಇಕ್ಕಳದಲ್ಲಿತ್ತು.

"ನೋಡ್ರಿ ಸರ್," ಎಂದು ಅವಳು ತಿರುಪು ತಿರುಗಿಸಿದಳು. ಹರಳು ಕಣ್ಣಿಗೆ ಕಾಣದಷ್ಟು ಬಾಗಿತು, ಬಾಗಿದಾಗ ಪೊರೆ ಹಿಗ್ಗಿತು. ಪರದೆಯ ಮೇಲಿನ ಗೀಟು ಮೇಲೇರಿ ಸರಿಯಾದ ಸ್ಟೇಷನ್‌ಗೆ ಬಂದು ನಿಂತಿತು. ತಿರುಪು ಬಿಟ್ಟಳು, ಗೀಟು ಇಳಿಯಿತು. ಮತ್ತೆ ತಿರುಗಿಸಿದಳು, ಮತ್ತೆ ಏರಿತು, ಆದರೆ ಮೊದಲಿಗಿಂತ ಕೂದಲೆಳೆಯಷ್ಟು ಕೆಳಗೆ.

"ಅಂಚಿನ್ಯಾಗ ಅಣುಗಳ ಸಾಲು ಜಾರೇವ್ರಿ. ಬಿಸಿ ಇದ್ದಾಗ ಭಾರ ತೆಗದೀವಲ್ಲ, ಆವಾಗನ ಮೊದಲನೇ ಸಾಲು ಜಾರಿರಬೇಕು. ಇಷ್ಟ ವರ್ಷ ತಗೊಂಡು ಮೆಲ್ಲಕ ಒಳಗ ಬಂದಾವು. ಒತ್ತಿದಾಗ ಪೊರಿ ಹಿಗ್ಗತೈತಿ, ಕೇಳಸ್ತೈತಿ. ಆದ್ರ ಅದ ಒತ್ತಡಕ್ಕ ಇನ್ನೊಂದೆರಡು ಸಾಲು ಜಾರತಾವು."

"ಹಂಗ ಎಷ್ಟ ಸಲ ತಡೀತೈತಿ?"

"ಒಂದೊಂದು ಒಂದೊಂದು ಥರ ಸರ್. ಹೇಳಾಕ ಬರಂಗಿಲ್ಲ."

ಅವಳು ತಿರುಗಿಸುತ್ತ ಹೋದಳು. ಶಿವಯೋಗಿ ನೋಡುತ್ತ ನಿಂತ. ಒಂದು ಸಲ ಗೀಟು ಏರಿ, ಅರ್ಧದಲ್ಲಿ ತಡವರಿಸಿ, ಕೆಳಗೆ ಮಲಗಿಬಿಟ್ಟಿತು. ಆಮೇಲೆ ಎಷ್ಟು ಒತ್ತಿದರೂ ಏಳಲಿಲ್ಲ. ರೆಹಾನಾ ತಿರುಪಿನ ಮೇಲಿಂದ ಕೈ ತೆಗೆದಳು. ಆಕೆಗೆ ಶಾಲ್ಮಲಾಳ ಪರಿಚಯವಿತ್ತು, ಮದುವೆಗೂ ಬಂದಿದ್ದಳು.

"ಹೊರಗಿನ ಯಂತ್ರದ ಸ್ಟೇಷನ್ ಬದಲಿ ಮಾಡಿದ್ರ?" ಎಂದು ಶಿವಯೋಗಿ ಕೇಳಿದ. ಉತ್ತರ ತನಗೇ ಗೊತ್ತಿದ್ದ ಪ್ರಶ್ನೆ ಅದು.

"ಮಾಡೇವಿ ಸರ್. ಅದು ಹೋಗೂ ಮಟಾ ಹೋಗಿ ನಿಂತೈತಿ. ಅದಕ್ಕಿಂತ ಕೆಳಗ ಬರಂಗಿಲ್ಲ."

ಘಟಕದವರು ಪ್ರಕಟಣೆ ಕೊಟ್ಟರು: ಗಾಬರಿಯಾಗಬೇಡಿ, ಒತ್ತಬೇಡಿ. ತುರಿಕೆ ಹತ್ತಿದವನಿಗೆ ಕೆರೆದುಕೊಳ್ಳಬೇಡ ಎಂದ ಹಾಗಾಯಿತು. ಕೈ ಇಟ್ಟರೆ ಹೆಂಡತಿಯ ಮಾತು ಕೇಳಿಸುತ್ತದೆ, ತೆಗೆದರೆ ಇಲ್ಲ ಎಂದಾಗ ಯಾರು ಕೈ ತೆಗೆದಾರು? ಪೇಟೆಯಲ್ಲಿ ಕಿವಿಪಟ್ಟಿ ಎಂಬ ಹೊಸ ಮಾಲು ಬಂತು. ತಲೆಯ ಸುತ್ತ ಬಿಗಿದುಕೊಳ್ಳುವ ರಬ್ಬರಿನ ಪಟ್ಟಿ, ಕಿವಿಯ ಹಿಂದೆ ಬರುವಲ್ಲಿ ಒಂದು ಮರದ ಗೋಲಿ. ಕೊಂಡವರು ಮಾರಿದವನನ್ನು ಹರಸಿದರು. ನಾಲ್ಕು ದಿನ ಹಬ್ಬ ಮಾಡಿದರು. ಒಬ್ಬೊಬ್ಬರೇ ಪೂರ್ತಿ ಕಿವುಡಾದ ಮೇಲೆ ಘಟಕದ ಗೇಟಿಗೆ ಕಲ್ಲು ಬಿತ್ತು. ಆ ನಾಣ್ಯದ ಹುಡುಗಿ ಮತ್ತೊಮ್ಮೆ ಬಂದಳು. ಈ ಸಲ ಏನನ್ನೂ ತೋರಿಸಲಿಲ್ಲ, ಬೆಂಚಿನ ಮೇಲೆ ಕೂತು ಎದ್ದು ಹೋದಳು.

ಮಗಳಿಗೆ ಶಿವಯೋಗಿ ಪ್ರಯೋಗಾಲಯದಿಂದ ಮರಳಿದ ದಿನವೇ ಹೇಳಿದ್ದ. ಸ್ನಾನಕ್ಕೆ, ಮಲಗುವುದಕ್ಕೆ ಯಂತ್ರ ತೆಗೆದಿಡುವ ಹೊತ್ತಿನಲ್ಲಿ ತುಟಿ ನೋಡಿ ಮಾತು ಹಿಡಿಯುವುದನ್ನು ಆಕೆ ಚಿಕ್ಕಂದಿನಲ್ಲೇ ಕಲಿತಿದ್ದಳು. ಎದುರಿಗೆ ಕೂತು ಬಿಡಿಬಿಡಿಸಿ ಹೇಳಿದ. ಖಂಡೆಪೂಜೆಯನ್ನೂ ಹೇಳಿದ, ತಾನು ಬೇಡಿ ತಂದದ್ದನ್ನೂ ಹೇಳಿದ. ಬೈಯಲಿ ಎಂದು ಕಾದ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಶಾಲ್ಮಲಾ ಹೊಟ್ಟೆಯ ಮೇಲೆ ಕೈಯಾಡಿಸುತ್ತ, "ಹಂಗಾರ ಇನ್ನ ಮ್ಯಾಲೆ ಒತ್ತಂಗಿಲ್ಲ," ಎಂದಳು. "ಉಳದದ್ದನ್ನ ಕೂಸಿಗೆ ಇಡ್ತೀನಿ. ಹುಟ್ಟಿ ಮೊದಲನೇ ಸಲ ಅಳತೈತಲ್ಲ, ಅದನ್ನೊಂದು ಕೇಳಿಬಿಡತೀನಿ. ಆಮ್ಯಾಲೆ ಹೋದ್ರ ಹೋಗಲಿ."

"ಆಗಲವ್ವಾ."

"ಅಷ್ಟಕ್ಕ ಸಾಕಾಗತೈತಲ್ಲಪ್ಪಾ? ಖರೇ ಹೇಳು."

"ಸಾಕಾಗತೈತಿ," ಎಂದ ಶಿವಯೋಗಿ. ಅವನಿಗೆ ಗೊತ್ತಿರಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಹರಳನ್ನು ಕಾಯುವುದೇ ಒಂದು ವ್ರತವಾಯಿತು. ಚಂಪಾ ಹತ್ತಿ ಬಿಡಿಸಿ ಮೆತ್ತನೆಯ ದಿಂಬು ಹೊಲಿದಳು. ಮಗಳು ಬಲ ಮಗ್ಗುಲಿಗೇ ಮಲಗಬೇಕು, ಎಣ್ಣೆ ಹಚ್ಚುವಾಗ ಎಡಗಡೆ ಮುಟ್ಟಬಾರದು, ಹೆರಳು ಬಿಗಿಯಾಗಿ ಹಾಕಬಾರದು. ಹೊರಗಿನ ಯಂತ್ರವನ್ನು ಮಾತ್ರ ಶಾಲ್ಮಲಾ ತೆಗೆಯಲಿಲ್ಲ. ಯಾವಾಗ ಬೇಕಾಗುತ್ತದೋ ಎಂದು ಸದಾ ಹಾಕಿಕೊಂಡೇ ಇರುತ್ತಿದ್ದಳು. ಚಂಪಾಳಿಗೆ ಸುಮ್ಮನಿರುವುದು ಬರುತ್ತಿರಲಿಲ್ಲ. ಬೆನ್ನು ತಿರುಗಿಸಿ ಕೂತ ಮಗಳೊಡನೆ ರೊಟ್ಟಿ ಬಡಿಯುತ್ತ ಮಾತಾಡುತ್ತಲೇ ಇರುತ್ತಿದ್ದಳು. ನಡುವೆ ನೆನಪಾದಾಗ ಬಡಿಯುವ ಕೈ ನಿಲ್ಲುತ್ತಿತ್ತು.

ಕುಬಸದ ದಿನ, ಬಸುರಿಗೆ ಉಡಿ ತುಂಬಲೆಂದು, ಹಸಿರು ಸೀರೆ, ಹಸಿರು ಬಳೆ ತೊಡಿಸಿ ಮಗಳನ್ನು ಮಣೆಯ ಮೇಲೆ ಕೂರಿಸಿದರು. ಓಣಿಯ ಹೆಂಗಸರು ಸುತ್ತ ಕೂತು ಹಾಡತೊಡಗಿದರು. ಶಾಲ್ಮಲಾ ಅವರ ಬಾಯಿಗಳನ್ನೇ ಒಂದೊಂದಾಗಿ ನೋಡುತ್ತಿದ್ದಳು. ಎಲ್ಲ ಬಾಯಿಗಳೂ ಒಟ್ಟಿಗೆ ತೆರೆದು ಮುಚ್ಚುತ್ತಿದ್ದವು. ಆಕೆಯ ಎಡಗೈ ಮಡಿಲಿನಿಂದ ತಾನಾಗಿ ಏಳುವುದನ್ನು ಶಿವಯೋಗಿ ಬಾಗಿಲಲ್ಲಿ ನಿಂತು ಕಂಡ. ಕೈ ಭುಜದವರೆಗೆ ಬಂತು. ಅಲ್ಲಿಂದ ಆಕೆ ಅದನ್ನು ಇಳಿಸಿ, ತೊಡೆಯ ಕೆಳಗಿಟ್ಟು, ಅದರ ಮೇಲೆ ಕೂತುಬಿಟ್ಟಳು. ಹೊಸ ಬಳೆಗಳಲ್ಲಿ ಒಂದೆರಡು ಒಡೆದವು. ಹೆಂಗಸರು ಅಪಶಕುನವೆಂದು ಹಾಡು ನಿಲ್ಲಿಸಿದರು. ಅವರು ಏಕೆ ನಿಲ್ಲಿಸಿದರೆಂದು ಆಕೆಗೆ ತಿಳಿಯಲಿಲ್ಲ, ಬಳೆ ಒಡೆದ ಸದ್ದೂ ಆಕೆಗೆ ಕೇಳಿಸಿರಲಿಲ್ಲ. ಶಿವಯೋಗಿ ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದ, ತೊಳೆದೇ ತೊಳೆದ.

ನೋವು ಕಾಣಿಸಿಕೊಂಡದ್ದು ಒಂದು ಬೆಳಗ್ಗೆ. ಮುಧೋಳಕ್ಕೆ ಅಳಿಯನಿಗೆ ಫೋನು ಹೋಯಿತು. ಆಸ್ಪತ್ರೆಯಲ್ಲಿ ಚಂಪಾಳನ್ನು ಒಳಗೆ ಬಿಟ್ಟರು, ಶಿವಯೋಗಿ ಹೊರಗಿನ ಬೆಂಚಿನ ಮೇಲೆ ಕೂತ. ಒಳಗೆ ಹೋಗುವ ಮುನ್ನ ಶಾಲ್ಮಲಾ ಕಿವಿಯ ಹಿಂದಿನ ಯಂತ್ರವನ್ನು ಮುಟ್ಟಿ ತೋರಿಸಿ, ಎರಡು ಬೆರಳು ಒತ್ತುವಂತೆ ಸನ್ನೆ ಮಾಡಿ, ಕಣ್ಣು ಮಿಟುಕಿಸಿದ್ದಳು. ಪರೀಕ್ಷೆಯ ಹಾಲಿಗೆ ಹೊರಟ ಹುಡುಗಿಯ ಹಾಗಿದ್ದಳು.

ಬಿಸಿಲು ಏರಿತು. ಬಾಗಿಲಾಚೆಯಿಂದ ಹಿರಿಯ ನರ್ಸಮ್ಮನ ಗದರಿಕೆ ಕೇಳಿಸುತ್ತಿತ್ತು: "ಬಲಾ ಹಾಕಿ ಮುಕ್ಕವ್ವಾ, ಇನ್ನೊಮ್ಮೆ! ಇನ್ನೊಮ್ಮೆ! ಎಮ್ಮಿ ಹಂಗ ಬಿದ್ಕೊಂಡ್ರ ಹೆಂಗ? ಕೇಳತೈತೋ ಇಲ್ಲೋ?"

"ಕೇಳತೈತಿ, ಕೇಳತೈತ್ರಿ! ಒದರಬ್ಯಾಡ್ರಿ!" ಎಂದು ಶಾಲ್ಮಲಾ ಅರಚಿದಳು.

ಶಿವಯೋಗಿಗೆ ಒಂದು ಗಳಿಗೆ ಜೀವ ಬಂದಂತಾಯಿತು. ಮಗಳಿಗೆ ಕೇಳಿಸುತ್ತಿದೆ! ಮರುಗಳಿಗೆಗೆ ಬೆಂಚಿನಿಂದ ಎದ್ದು ನಿಂತ. ಕೇಳಿಸುವುದು ಹೇಗೆ? ಆಕೆಯ ಎರಡೂ ಕೈ ಮಂಚದ ಸರಳು ಹಿಡಿದಿರಬೇಕು. ಮತ್ತೆ ಒತ್ತುತ್ತಿರುವುದು ಯಾವುದು?

ಹಲ್ಲು. ಹಲ್ಲು ಕಚ್ಚಿದಾಗ ದವಡೆಯಿಂದ ಕಿವಿಯ ಮೇಲೆ ಹಾದು ಹೋಗುವ ಸ್ನಾಯು ಬಿಗಿಯುತ್ತದೆ. ಗ್ರಾಹಕ ಕೂತಿರುವುದು ಅದರ ಅಂಚಿಗೇ. ರೊಟ್ಟಿ ಅಗಿಯುವ ಬಲಕ್ಕೆ ಹರಳು ಬಾಗುವುದಿಲ್ಲ, ಆದರೆ ಇದು ರೊಟ್ಟಿಯಲ್ಲ. ದಿಂಬು, ಹೆರಳು, ಎಣ್ಣೆ ಎಲ್ಲವನ್ನೂ ಯೋಚಿಸಿದ್ದ. ಹಡೆಯುವವಳು ಹಲ್ಲು ಕಚ್ಚುತ್ತಾಳೆ ಎಂಬುದು ಅವನ ಲೆಕ್ಕದಲ್ಲೇ ಇರಲಿಲ್ಲ. ಗಂಡಸಿನ ವಿಜ್ಞಾನ.

ಅವನು ಬಾಗಿಲು ಬಡಿದ. ನರ್ಸಮ್ಮ ಅರ್ಧ ತೆರೆದು, "ಗಂಡಸರು ಒಳಗ ಬರಂಗಿಲ್ರಿ," ಎಂದಳು.

"ಒಳಗ ಬರಂಗಿಲ್ಲವ್ವಾ. ಒಂದ ಮಾತು. ಆಕಿಗೆ ಹಲ್ಲು ಕಚ್ಚಬ್ಯಾಡ ಅನ್ರಿ. ಕೈ ಮುಗೀತೀನಿ. ಹಲ್ಲು ಕಚ್ಚಿದ್ರ ಕಿವಿ ಹೋಗತೈತಿ."

ಆಕೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸಿಟ್ಟೂ ಬರಲಿಲ್ಲ ಆಕೆಗೆ.

"ಯಜಮಾನ್ರ, ಈ ಖೋಲ್ಯಾಗ ನನಗ ಕೂದಲ ಬೆಳ್ಳಗಾಗೇತಿ. ಹಲ್ಲು ಕಚ್ಚದ ಹಡದಾಕಿನ್ನ ನಾ ಇನ್ನೂ ನೋಡಿಲ್ಲ. ಹೋಗಿ ಕುಂದರ್ರಿ."

ಬಾಗಿಲು ಮುಚ್ಚಿತು. ಕೂರಲು ಹೇಳಿದ್ದಳು, ಕೂತ. ಮಾಡುವುದಕ್ಕೆ ಬೇರೇನೂ ಇರಲಿಲ್ಲ. ಎಳೆದು ಕಟ್ಟಿದ್ದು ಒಂದು ದಿನ ಸಡಿಲವಾಗಲೇಬೇಕು, ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಆದರೆ ಇವತ್ತೇ ಬರಬೇಕೇ, ಈ ಹೊತ್ತಿನಲ್ಲೇ ಬರಬೇಕೇ ಎಂದು ಅವನು ಗೋಡೆಗೆ ಹಣೆ ಹಚ್ಚಿ ಕೇಳುತ್ತಿದ್ದ. ಒಳಗಿನಿಂದ ಒಂದೊಂದು ಚೀತ್ಕಾರ ಬಂದಾಗಲೂ ಅವನ ಕಣ್ಣ ಮುಂದೆ ಆ ಪರದೆಯ ಗೀಟು ಏರುತ್ತಿತ್ತು, ಇಳಿಯುತ್ತಿತ್ತು. ಕೂಸಿಗೆಂದು ಮಗಳು ಕೂಡಿಟ್ಟ ಕೇಳುವಿಕೆಯೆಲ್ಲ ಆಕೆಯದೇ ಚೀರಾಟಕ್ಕೆ ಖರ್ಚಾಗುತ್ತಿತ್ತು. ಹಾಗೆಂದು ಚೀರಬೇಡ ಎನ್ನಲು ಬರುತ್ತದೆಯೇ?

"ಇನ್ನೊಮ್ಮೆ! ಇದ ಕಡೀದು! ಕೇಳತೈತೋ ಇಲ್ಲೋ?"

ಈ ಸಲ ಶಾಲ್ಮಲಾ ಉತ್ತರಿಸಲಿಲ್ಲ. ನರ್ಸಮ್ಮ ಅದನ್ನೇ ಮತ್ತೆ ಕೂಗಿದಳು. ಆಮೇಲೂ ಉತ್ತರವಿಲ್ಲ, ಬರೀ ಒಂದು ಉದ್ದನೆಯ ನರಳಾಟ.

ಅದರ ಹಿಂದೆಯೇ ಕೂಸು ಅತ್ತಿತು. ಎಂಥ ದನಿ! ಬೆಂಚಿನ ಮೇಲಿದ್ದ ಅಪರಿಚಿತರೂ ತಿರುಗಿ ನೋಡಿ ನಕ್ಕರು. ಮೊಗಸಾಲೆ ತುಂಬಿ, ಕಿಟಕಿ ದಾಟಿ, ಹೊರಗಿನ ರಿಕ್ಷಾದವರಿಗೂ ಕೇಳಿಸುವಂತೆ ಕೂಸು ಅಳುತ್ತಿತ್ತು. ಇಷ್ಟು ಕಿರಿದಾದ ಜೀವದಲ್ಲಿ ಅಷ್ಟು ಸದ್ದು ಎಲ್ಲಿತ್ತೋ. ಶಿವಯೋಗಿ ಎರಡೂ ಕಿವಿ ಮುಚ್ಚಿಕೊಂಡ. ಮಗಳಿಗೆ ಸಿಗದ್ದು ತನಗೂ ಬೇಡವೆನ್ನಿಸಿತು. ಆದರೂ ಕೇಳಿಸುತ್ತಲೇ ಇತ್ತು.

ಒಳಗೆ ಬಿಟ್ಟಾಗ ಶಾಲ್ಮಲಾ ಬೆವರಿಗೆ ತೊಯ್ದ ಕೂದಲಿನೊಡನೆ ಒರಗಿ ಕೂತಿದ್ದಳು. ಕೂಸು ಮಡಿಲಲ್ಲಿತ್ತು, ಹೆಣ್ಣು. ಚಂಪಾ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಮಗಳ ಎಡಗಿವಿಯ ಹಿಂದೆ ಚರ್ಮವೆಲ್ಲ ಕೆಂಪಾಗಿತ್ತು, ಉಗುರಿನ ಗುರುತುಗಳು ಮೂಡಿದ್ದವು. ಒತ್ತಿದ್ದಾಳೆ. ಎಷ್ಟು ಒತ್ತಬಹುದೋ ಅಷ್ಟೂ ಒತ್ತಿದ್ದಾಳೆ.

"ಎಲ್ಲಾ ಕೇಳ್ತಪ್ಪಾ," ಎಂದಳು, ತನ್ನ ದನಿ ತನಗೆ ತಿಳಿಯದೆ ಬಹಳ ಗಟ್ಟಿಯಾಗಿ. "ಫ್ಯಾನಿನ ಕಿರಿಕಿರಿ ಸೈತ ಕೇಳ್ತು. ಅವ್ವ ಅಳೂದು ಕೇಳ್ತು. ಈ ನರ್ಸಮ್ಮ ನನಗ ಎಮ್ಮಿ ಅಂದಾಳ, ಅದೂ ಕೇಳ್ತು." ನರ್ಸಮ್ಮ ತಲೆ ತಗ್ಗಿಸಿಕೊಂಡು ಹೊರಗೆ ನಡೆದಳು. "ಕೂಸಿಂದೊಂದು ಕೇಳಲಿಲ್ಲ."

ಶಿವಯೋಗಿ ಮಂಚದ ಪಕ್ಕ ಕೂತ. ಕಣ್ಣಿನಿಂದ ನೀರು ಆಗಲೇ ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಕೂಸು ಮತ್ತೆ ಬಾಯಿ ತೆರೆದು ಅಳಲು ಹತ್ತಿತು. ಶಾಲ್ಮಲಾ ಬಗ್ಗಿ ಆ ಬಾಯೊಳಗೆ ನೋಡಿದಳು, ಆಮೇಲೆ ಅಪ್ಪನ ಮುಖ ನೋಡಿದಳು.

"ಹೆಂಗ ಅಳತೈತಪ್ಪಾ? ಮಾಡಿ ತೋರ್ಸು. ನಿನ್ನ ಬಾಯಿ ನನಗ ತಿಳೀತೈತಿ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅತ್ತಿತ್ತ ನೋಡಿದ. ನರೆತ ಗಡ್ಡದ, ಕನ್ನಡಕದ ಮನುಷ್ಯ, ಹೆರಿಗೆ ವಾರ್ಡಿನ ನಡುವೆ ಬಾಯಿ ತೆರೆದು, "ಊಂವ್ಯಾ, ಊಂವ್ಯಾ," ಎಂದ.

ಶಾಲ್ಮಲಾ ಅವನ ತುಟಿಯನ್ನು ನೋಡಿ, ಕೂಸಿನ ತುಟಿಯನ್ನು ನೋಡಿ, ಎರಡನ್ನೂ ತಾಳೆ ಹಾಕಿದಳು.

"ಅಲ್ಲ. ಹಂಗಲ್ಲ. ಇದು ಭಾಳ ದೊಡ್ಡದಾಗಿ ತೆರೀತೈತಿ. ಇನ್ನೊಮ್ಮೆ."

ಶಿವಯೋಗಿ ಇನ್ನೊಮ್ಮೆ ಬಾಯಿ ತೆರೆದ. ಈ ಸಲ ಹೊರಬಿದ್ದದ್ದು ಕೂಸಿನ ಅಳು ಆಗಿರಲಿಲ್ಲ. ಚಂಪಾ ಬೆಚ್ಚಿ ಗೋಡೆಯಿಂದ ತಿರುಗಿದಳು, ಪಕ್ಕದ ಮಂಚದವರು ಎದ್ದು ಕೂತರು, ನರ್ಸಮ್ಮ ಬಾಗಿಲಿಗೆ ಓಡಿ ಬಂದಳು. ಅವನು ನಿಲ್ಲಿಸಲಾರದೆ ಹೋದ.

ಶಾಲ್ಮಲಾ ಅವನ ಬಾಯಿಯನ್ನೇ ನೋಡುತ್ತ, ಸಮಾಧಾನದಿಂದ ತಲೆಯಾಡಿಸಿದಳು.

"ಹಾಂ," ಎಂದಳು, "ಈಗ ಬರೋಬ್ಬರಿ ಆತು."